ಕೊನೆಯ ಲೋಟ ಎಲ್ಲಿಯದು?

ನಮ್ಮ ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಮಾತು ದಶಕಗಳಿಂದ ಸವೆಯದೆ ಉಳಿದಿದೆ: 'ಕುಡಿದ ಅಮಲಿನಲ್ಲಿ'. ಕುಡಿದ ಅಮಲಿನಲ್ಲಿ ಹೆಂಡತಿಯ ಮೇಲೆ ಹಲ್ಲೆ, ಕುಡಿದ ಅಮಲಿನಲ್ಲಿ ಮರಕ್ಕೆ ಬೈಕ್ ಡಿಕ್ಕಿ, ಕುಡಿದ ಅಮಲಿನಲ್ಲಿ ಅಣ್ಣ ತಮ್ಮಂದಿರ ನಡುವೆ ಜಗಳ, ಒಬ್ಬನ ಸಾವು. ಸುದ್ದಿ ಓದಿದರೆ ಕುಡಿದವನ ಹೆಸರು, ವಯಸ್ಸು, ಊರು, ಕಸುಬು ಗೊತ್ತಾಗುತ್ತದೆ. ಪೆಟ್ಟು ತಿಂದವರ ಹೆಸರೂ, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಎಂಬುದೂ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಒಂದೇ: ಆತ ಎಲ್ಲಿ ಕುಡಿದ? ಅಮಲೇರಿದ ಮೇಲೂ ಆತನ ಲೋಟಕ್ಕೆ ಸುರಿದವರು ಯಾರು? ಈ ಪ್ರಶ್ನೆಯನ್ನು ಸುದ್ದಿ ಬರೆದವರೂ ಕೇಳುವುದಿಲ್ಲ, ಸುದ್ದಿ ಕೊಟ್ಟವರೂ ಕೇಳಿರುವುದಿಲ್ಲ. ಅಮಲು ಆಕಾಶದಿಂದ ಇಳಿದು ಬಂದು ಮನುಷ್ಯನ ತಲೆ ಹೊಕ್ಕಂತೆ ನಾವು ಓದಿ ಪುಟ ತಿರುಗಿಸುತ್ತೇವೆ.

ಈ ಮೌನಕ್ಕೆ ಒಂದು ಚರಿತ್ರೆಯಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯನ್ನು ಇಟ್ಟುಕೊಂಡು ಅದನ್ನು ನೋಡಬಹುದು. ಈ ಸೀಮೆ ಎಷ್ಟು ಸರಕಾರಗಳ ಕೈ ದಾಟಿ ಬಂದಿದೆ ಎಂಬುದೇ ಒಂದು ಕಥೆ. ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, ನಿಜಾಮರು, 1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ಮೇಲೆ ದತ್ತ ಮಂಡಲದ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿ, ಆಮೇಲೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟು ಬದಲಾವಣೆಗಳ ನಡುವೆ ಎಲ್ಲ ಸರಕಾರಗಳೂ ಜೋಪಾನವಾಗಿ ಕೈ ದಾಟಿಸಿಕೊಂಡು ಬಂದ ಖಾತೆಗಳಲ್ಲಿ ಒಂದು ಅಬಕಾರಿ.

ಅಬಕಾರಿ ಪಾರಸಿ ಮಾತು. ಆಬ್ ಎಂದರೆ ನೀರು, ಕಾರಿ ಎಂದರೆ ಕೆಲಸ. ಹೆಂಡ, ಸಾರಾಯಿಯ ವ್ಯವಹಾರಕ್ಕೆ 'ನೀರಿನ ಕೆಲಸ' ಎಂಬ ನಾಜೂಕಿನ ಹೆಸರು. ದರ್ಬಾರಿನ ಭಾಷೆ ಹೇಳಲು ಮುಜುಗರವಾಗುವ ಸಂಗತಿಗಳಿಗೆ ಮುಸುಕು ಹೊದಿಸುವುದರಲ್ಲಿ ಪಳಗಿದ್ದು. ಆದರೆ ಉರ್ದು ಕಾವ್ಯ ಓದಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿದೆ. ಅಲ್ಲಿ ಕುಡಿಯುವವನು ಒಬ್ಬನೇ ಇರುವುದಿಲ್ಲ. ಸುರಿದುಕೊಡುವ ಸಾಕಿ ಇರುತ್ತಾನೆ, ಮೈಖಾನೆ ಇರುತ್ತದೆ. ಶಾಯರನು ಸಾಕಿಯನ್ನು ಹೆಸರು ಹಿಡಿದು ಕರೆಯುತ್ತಾನೆ, ದೂರುತ್ತಾನೆ, ಲೆಕ್ಕ ಕೇಳುತ್ತಾನೆ. ಗಜಲಿನಲ್ಲಿ ತಪ್ಪದೆ ಹಾಜರಿರುವ ಸಾಕಿ ನಮ್ಮ ಠಾಣೆಯ ಕಡತದಲ್ಲಿ ಮಾತ್ರ ಕಾಣೆಯಾಗಿದ್ದಾನೆ.

ಆತ ಕಾಣೆಯಾದದ್ದು ಹೇಗೆ?

ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯ ಮಾರಾಟ ನಿಲ್ಲಿಸಲು ಹೊರಟಾಗ ಖಜಾನೆಗೆ ಆಗುವ ನಷ್ಟವನ್ನು ಬದಿಗಿಟ್ಟಿದ್ದ. ಕಂಪೆನಿ ಸರಕಾರಕ್ಕೆ ಅಂಥ ಉದ್ದೇಶವಿರಲಿಲ್ಲ. ಅದಕ್ಕೆ ಹೆಂಡ, ಸಾರಾಯಿ ಎರಡೂ ಕಂದಾಯದ ಬಾಬ್ತು. ಹಕ್ಕನ್ನು ಗುತ್ತಿಗೆಗೆ ಕೊಡುವುದು, ಹೆಚ್ಚು ಕೂಗಿದವನಿಗೆ ಹರಾಜು ನಿಲ್ಲಿಸುವುದು, ಹಣ ಕಟ್ಟಿಸಿಕೊಳ್ಳುವುದು. 1886ರ ಮದ್ರಾಸ್ ಅಬಕಾರಿ ಕಾಯಿದೆ ಈ ವ್ಯವಹಾರವನ್ನು ಬಿಗಿಗೊಳಿಸಿತು. ಯಾರು ಭಟ್ಟಿ ಇಳಿಸಬೇಕು, ಎಲ್ಲಿ ಮಾರಬೇಕು, ಎಷ್ಟು ಸಾಗಿಸಬೇಕು ಎಂಬುದಕ್ಕೆಲ್ಲ ಪರವಾನಗಿ ಬೇಕಾಯಿತು. ಮದ್ರಾಸ್ ಪ್ರಾಂತ್ಯದಲ್ಲಿ ಮರ ತೆರಿಗೆ ಪದ್ಧತಿ ಬಂದಾಗ ಹೆಂಡ ಇಳಿಸುವ ಒಂದೊಂದು ಮರವನ್ನೂ ಗುರುತು ಹಾಕಿ ಲೆಕ್ಕಕ್ಕೆ ತೆಗೆದುಕೊಂಡರು. ಹಳ್ಳದ ದಂಡೆಯ ಈಚಲು ಮರಕ್ಕೂ ಸರಕಾರದ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಆದರೆ ಆ ಮರದ ಹೆಂಡ ಕುಡಿದು ಮನೆಗೆ ಹೋದವನ ಮನೆಯಲ್ಲಿ ಏನಾಯಿತು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಸಾಲಿರಲಿಲ್ಲ.

ಮುಂದಿನ ನೂರಿಪ್ಪತ್ತು ವರ್ಷಗಳ ಸೂತ್ರ ಇಲ್ಲಿಯೇ ಇದೆ. ಮರದಿಂದ ಅಂಗಡಿಗೆ, ಅಂಗಡಿಯಿಂದ ಖಜಾನೆಗೆ ಹೋಗುವ ದಾರಿಯನ್ನು ಸರಕಾರ ಹೆಜ್ಜೆ ಹೆಜ್ಜೆಗೂ ಕಾಯ್ದಿತು. ಗಾಯಗೊಂಡವರ ಮನೆಯಿಂದ ಅಂಗಡಿಗೆ ಹಿಂದಿರುಗಿ ನಡೆಯುವ ದಾರಿಯನ್ನು ಯಾರೂ ಹಾಕಲೇ ಇಲ್ಲ.

ಅಂಗಡಿಯ ಕಡೆ ಬೆರಳು ತೋರಿಸಿದ್ದು ಸ್ವಾತಂತ್ರ್ಯ ಚಳವಳಿ. ಅಸಹಕಾರ ಚಳವಳಿಯ ಕಾಲದಿಂದ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಕುಡುಕನ ಮನೆ ಮುಂದೆ ಯಾರೂ ಧರಣಿ ಕೂರಲಿಲ್ಲ, ಅಂಗಡಿಯ ಮುಂದೆ ಕೂತರು. ಇದು ಗಮನಿಸಬೇಕಾದ ವ್ಯತ್ಯಾಸ. ಕೂಡ್ಲಿಗಿಗೆ ದೂರವಲ್ಲದ, ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಜನ ಈಚಲು ಮರಗಳನ್ನೇ ಕಡಿದರು. ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಹೆಸರು ಪಡೆದ ಆ ಸತ್ಯಾಗ್ರಹದೊಂದಿಗೆ ಎಸ್. ನಿಜಲಿಂಗಪ್ಪನವರ ಹೆಸರು ಸೇರಿಕೊಂಡಿದೆ. ಅವರು ಹುಟ್ಟಿದ್ದು 1902ರಲ್ಲಿ, ನಾವು ಮಾತಾಡುತ್ತಿರುವ ಸೀಮೆಯಲ್ಲೇ, ಹರಪನಹಳ್ಳಿಯ ಹಲುವಾಗಲಿನಲ್ಲಿ.

ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಸರಕಾರ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹರಡಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು, ಅಂದರೆ ಬಳ್ಳಾರಿಯನ್ನೂ, ಆವರಿಸಿತು. ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ ಕೂಡ್ಲಿಗಿಯಲ್ಲಿದೆ. ಗಾಂಧಿಯ ಹೆಸರಿನಲ್ಲಿ ಬಂದ ಈ ಕಾನೂನು ಆ ಊರಿಗೂ ಬಂತು. ಆದರೆ ತುಂಗಭದ್ರೆಯ ಆಚೆ ದಂಡೆಯ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದ್ದು. ಅಲ್ಲಿ ಸೇಂದಿ, ಸಾರಾಯಿ ಎರಡೂ ಸರಕಾರದ ಒಪ್ಪಿಗೆಯಿಂದಲೇ ಮಾರಾಟವಾಗುತ್ತಿದ್ದವು. ಒಂದೇ ಹೊಳೆ, ಒಂದೇ ಭಾಷೆ, ಎರಡು ಕಾನೂನು. ಹೊಳೆ ದಾಟಿದರೆ ಅಪರಾಧ ಹಕ್ಕಾಗುತ್ತಿತ್ತು.

ಪಾನನಿರೋಧದ ಕಾಲದಲ್ಲಿ ಒಂದು ವಿಚಿತ್ರ ನಡೆಯಿತು. ಕಾನೂನಿನ ಪ್ರಕಾರ ಅಂಗಡಿಯೇ ಇಲ್ಲ. ಅಂಗಡಿ ಇಲ್ಲದಲ್ಲಿ ಅಂಗಡಿಯವನೂ ಇಲ್ಲ. ಉಳಿದದ್ದು ಕಳ್ಳಭಟ್ಟಿ. ಅದನ್ನು ಹುಡುಕುವ ಪೊಲೀಸರು ಹೋಗುತ್ತಿದ್ದುದು ಎಲ್ಲಿಗೆ? ತಾಂಡಾಗಳಿಗೆ, ಊರ ಹೊರಗಿನ ಕೇರಿಗಳಿಗೆ. ವಸಾಹತು ಸರಕಾರ 1871ರ ಕಾಯಿದೆಯ ಮೂಲಕ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಪದ್ಧತಿ ಶುರುಮಾಡಿತ್ತು. ಆ ನೋಟ ಸ್ವಾತಂತ್ರ್ಯದ ನಂತರವೂ ಪೂರ್ತಿ ಅಳಿಯಲಿಲ್ಲ. ಬೆಲ್ಲದ ಕೊಳೆ ಹಾಕಿದ ಮಡಕೆ ಯಾರ ಗುಡಿಸಿಲಿನ ಹಿಂದೆ ಸಿಕ್ಕಿತು ಎಂಬುದು ಕಡತ ಸೇರಿತು. ಅದಕ್ಕೆ ಹಣ ಹೂಡಿದ ಪೇಟೆಯ ದೊಡ್ಡ ಮನುಷ್ಯ ಯಾರು ಎಂಬುದು ಸೇರಲಿಲ್ಲ. 'ಆ ಜಾತಿಯವರೇ ಹಾಗೆ, ಕುಡಿಯುತ್ತಾರೆ, ಬಡಿದಾಡುತ್ತಾರೆ' ಎಂಬ ಮಾತು ನಮ್ಮ ಕಡೆ ಇಂದಿಗೂ ಎಷ್ಟು ಸಲೀಸಾಗಿ ಬರುತ್ತದೆ! ಸರಕು ಎಲ್ಲಿಂದ ಬಂತು ಎಂದು ಕೇಳದ ಸಮಾಜ ಜಾತಿಯ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುತ್ತದೆ. ಅಂಗಡಿಯ ವಿಳಾಸ ಬರೆದುಕೊಳ್ಳದಿದ್ದರೆ ಆಗುವ ಅನ್ಯಾಯಗಳಲ್ಲಿ ಇದು ದೊಡ್ಡದು.

1956ರಲ್ಲಿ ಕನ್ನಡ ನಾಡು ಒಂದಾದಾಗ ಮುಂಬಯಿ ಕರ್ನಾಟಕದ ಪಾನನಿರೋಧ, ಮದ್ರಾಸ್ ಕಾನೂನಿನ ಪಾನನಿರೋಧ, ಹೈದರಾಬಾದಿನ ಅಬಕಾರಿ ಎಲ್ಲವೂ ಒಂದೇ ರಾಜ್ಯದೊಳಗೆ ಬಂದವು. ಕಳ್ಳಭಟ್ಟಿ ತಡೆಯುವುದು ಕಷ್ಟ, ಆದಾಯ ಬಿಡುವುದು ಇನ್ನೂ ಕಷ್ಟ ಎಂಬ ವಾದ ಬಲವಾಯಿತು. ಕೊನೆಗೆ 1967ರಲ್ಲಿ ಪಾನನಿರೋಧ ತೆರವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರೇ. ಇದನ್ನು ವ್ಯಕ್ತಿಯ ದ್ವಂದ್ವ ಎಂದು ಹಂಗಿಸುವುದು ಸುಲಭ. ನನಗೆ ಕಾಣುವುದು ಖಜಾನೆಯ ಬಲ. ಚಳವಳಿಗಾರನಾಗಿದ್ದಾಗ ಮನುಷ್ಯನಿಗೆ ಮರ ಕಾಣುತ್ತದೆ, ಆಡಳಿತಗಾರನಾದಾಗ ಅದೇ ಮರದ ಬಾಬ್ತು ಕಾಣುತ್ತದೆ.

ನಂತರದ ನಲವತ್ತು ವರ್ಷ ಸಾರಾಯಿ ಗುತ್ತಿಗೆದಾರರ ಯುಗ. ಹರಾಜು ಹಿಡಿದವನೇ ತಾಲ್ಲೂಕಿನ ದೊರೆ. 1980ರ ದಶಕದಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರ ಹೈಕೋರ್ಟಿನ ಟೀಕೆಗೆ ಗುರಿಯಾಗಿ, 1986ರಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಹಿಂದಕ್ಕೆ ಪಡೆಯುವವರೆಗೆ ಹೋಯಿತು. ಸುಂಕ ಕಟ್ಟದೆ ಹರಿದಾಡುವ 'ಸೆಕೆಂಡ್ಸ್' ಮದ್ಯವನ್ನು ತಡೆಯಲು ಸರಕಾರ 2003ರಲ್ಲಿ ಪಾನೀಯ ನಿಗಮವನ್ನೇ ಸ್ಥಾಪಿಸಿತು. ಅಂದಿನಿಂದ ಡಿಸ್ಟಿಲರಿಯ ಮದ್ಯ ನಿಗಮದ ಡಿಪೋ ಮೂಲಕವೇ ಅಂಗಡಿ ಸೇರಬೇಕು. ಬಾಟಲಿಯ ಮುಚ್ಚಳಕ್ಕೆ ಅಬಕಾರಿ ಚೀಟಿ ಅಂಟಿರುತ್ತದೆ. ಬ್ಯಾಚು ಯಾವುದು, ಯಾವ ಡಿಪೋದಿಂದ ಹೋಯಿತು, ಯಾವ ಪರವಾನಗಿಯ ಅಂಗಡಿಗೆ ಹೋಯಿತು ಎಂಬುದಕ್ಕೆಲ್ಲ ದಾಖಲೆಯಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ಬಡವನ ಲೋಟಕ್ಕೂ ಇದೇ ದಾರಿಯಿಂದ ಬಂದ ಅಗ್ಗದ ವಿಸ್ಕಿ, ರಮ್ಮು ಬಂದವು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಇಷ್ಟು ಹಣ ಬರಬೇಕಾದರೆ ಒಂದು ಬಾಟಲಿಯೂ ಲೆಕ್ಕ ತಪ್ಪಬಾರದು.

ಹಾಗಾದರೆ ಅವಘಡದಿಂದ ಅಂಗಡಿಗೆ ಹಿಂದಿರುಗಿ ಹೋಗುವುದು ಸರಕಾರಕ್ಕೆ ಗೊತ್ತೇ ಇಲ್ಲವೆ? ಗೊತ್ತಿದೆ. ಎರಡು ಸಂದರ್ಭಗಳಲ್ಲಿ ಅದು ಬಹಳ ಚೆನ್ನಾಗಿ ಹೋಗುತ್ತದೆ.

ಒಂದು, ಸಾಮೂಹಿಕ ಸಾವು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇನಲ್ಲಿ, ಸಾರಾಯಿ ನಿಷೇಧದ ಮರುವರ್ಷ, ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ತಮಿಳುನಾಡಿನಲ್ಲಿ ಒಟ್ಟು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಹೊತ್ತಿನಲ್ಲಿ ಪೊಲೀಸರು ಮೊದಲು ಕೇಳುವುದೇ 'ಎಲ್ಲಿ ಕುಡಿದೆ?' ಎಂದು. ಆಸ್ಪತ್ರೆಯ ಹಾಸಿಗೆಯಿಂದ ಅಂಗಡಿಗೆ, ಅಂಗಡಿಯಿಂದ ಕ್ಯಾನು ತಂದವನಿಗೆ, ಅವನಿಂದ ಕೈಗಾರಿಕೆಯ ಸ್ಪಿರಿಟ್ ಕೊಟ್ಟವನಿಗೆ ಹೋಗುತ್ತಾರೆ.

ಎರಡು, ಸಾರ್ವಜನಿಕ ಶಾಂತಿ. ಕೊಟ್ಟೂರಿನ ಗುರು ಬಸವೇಶ್ವರರ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಗಣೇಶ ವಿಸರ್ಜನೆ, ಮೊಹರಂ, ಚುನಾವಣೆ, ಹೀಗೆ ಜನ ಸೇರುವ ಹೊತ್ತಿನಲ್ಲಿ ಜಿಲ್ಲಾಧಿಕಾರಿಗಳು ಅಬಕಾರಿ ಕಾಯಿದೆಯಡಿ ಮದ್ಯದಂಗಡಿ ಮುಚ್ಚಿಸುವ ಆದೇಶ ಹೊರಡಿಸುವುದು ರಾಜ್ಯದಲ್ಲಿ ರೂಢಿ. ಆದೇಶದಲ್ಲಿ 'ಅಹಿತಕರ ಘಟನೆ ನಡೆಯದಂತೆ' ಎಂಬ ಮಾತು ಇದ್ದೇ ಇರುತ್ತದೆ. ಅಂದರೆ ಅಂಗಡಿಗೂ ಅಹಿತಕರ ಘಟನೆಗೂ ಸಂಬಂಧವಿದೆ ಎಂಬುದನ್ನು ಸರಕಾರ ತನ್ನ ಮೊಹರು ಒತ್ತಿ ಒಪ್ಪಿಕೊಂಡಿದೆ. ತೇರಿನ ದಿನ ಒಪ್ಪಿಕೊಂಡ ಸಂಬಂಧ ಮರುದಿನ ಎಲ್ಲಿ ಹೋಯಿತು? ಬೀದಿಯಲ್ಲಿ ನಡೆದರೆ ಅಹಿತಕರ ಘಟನೆ, ಮನೆಯೊಳಗೆ ನಡೆದರೆ ಸಂಸಾರದ ಜಗಳವೆ?

ಕಾನೂನಿನ ಪುಸ್ತಕದಲ್ಲೂ ಅಂಗಡಿಯವನ ಹೊಣೆ ಇಲ್ಲವೆಂದಲ್ಲ. ಅಮಲೇರಿದವನಿಗೆ ಮತ್ತೆ ಮಾರಬಾರದು, ಅಂಗಡಿಯಲ್ಲಿ ಕುಡಿದು ಗಲಾಟೆ ಮಾಡಲು, ಜೂಜಾಡಲು ಬಿಡಬಾರದು, ಹುಡುಗರಿಗೆ ಕೊಡಬಾರದು ಎಂದು ನಮ್ಮ ಅಬಕಾರಿ ಕಾನೂನು ಹೇಳುತ್ತದೆ. ಇಂಗ್ಲೆಂಡಿನ 1872ರ ಪರವಾನಗಿ ಕಾಯಿದೆಯಲ್ಲೇ ಇಂಥ ಮಾತುಗಳಿದ್ದವು. ಆದರೆ ಅಪಘಾತವಾದ ಮೇಲೆ ನಮ್ಮ ಕಾನೂನು ಅಳೆಯುವುದು ಕುಡಿದವನ ರಕ್ತವನ್ನು. ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಚಾಲಕ ಅಪರಾಧಿ. ಆ ಮಿಲಿಗ್ರಾಂ ಯಾವ ಮೇಜಿನ ಮೇಲೆ ಸೇರಿತು ಎಂದು ಆ ಕಲಂ ಕೇಳುವುದಿಲ್ಲ.

ಬೇರೆ ನಾಡುಗಳು ಇದನ್ನು ಕೇಳಿದವು. ಅಮೆರಿಕದ ಇಲಿನಾಯ್ ರಾಜ್ಯ 1872ರಲ್ಲಿ ಒಂದು ಕಾನೂನು ಮಾಡಿತು. ಕುಡಿದವನಿಂದ ಪೆಟ್ಟು ತಿಂದವರು ಮಾತ್ರವಲ್ಲ, ದುಡಿಯುವವನು ಕುಡಿದು ಹಾಳಾದ್ದರಿಂದ ಜೀವನಾಧಾರ ಕಳಕೊಂಡ ಹೆಂಡತಿ, ಮಕ್ಕಳೂ ಮದ್ಯ ಮಾರಿದವನ ಮೇಲೆ, ಗೊತ್ತಿದ್ದೂ ಜಾಗ ಬಾಡಿಗೆಗೆ ಕೊಟ್ಟ ಕಟ್ಟಡದ ಮಾಲೀಕನ ಮೇಲೆ ಕೂಡ ದಾವೆ ಹೂಡಬಹುದಿತ್ತು. ಓಟಿನ ಹಕ್ಕೂ ಇಲ್ಲದಿದ್ದ ಕಾಲದಲ್ಲಿ ಅಲ್ಲಿನ ಹೆಂಗಸರಿಗೆ ಸಿಕ್ಕ ಆಯುಧ ಅದು. 1886ರ ನಮ್ಮ ಕಾಯಿದೆ ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲಿನ ಮಾತು. ಒಂದು ಕಾನೂನು ಹೆಂಡತಿಯ ತುತ್ತನ್ನು ನೋಡಿತು, ಇನ್ನೊಂದು ಕಾನೂನು ಖಜಾನೆಯ ತುತ್ತನ್ನು ನೋಡಿತು.

ಈಚಿನ ಕಾಲದಲ್ಲಿ ಈ ಪ್ರಶ್ನೆ ದಾವೆಯಿಂದ ದಾಖಲೆಯ ಕಡೆಗೆ ತಿರುಗಿದೆ. ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವರನ್ನು 'ಕೊನೆಯದಾಗಿ ಎಲ್ಲಿ ಕುಡಿದಿರಿ?' ಎಂದು ಕೇಳಿ ಬರೆದುಕೊಳ್ಳುವುದು ಕಡ್ಡಾಯವಾಗಲಿ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಶಿಫಾರಸು ಮಾಡಿತು. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಮುಖದ ಗಾಯಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯ ಜೊನಾಥನ್ ಶೆಫರ್ಡ್ ಒಂದು ಸರಳ ಸಂಗತಿ ಕಂಡುಕೊಂಡರು. ತಮ್ಮ ಬಳಿ ಹೊಲಿಗೆ ಹಾಕಿಸಿಕೊಂಡ ಎಷ್ಟೋ ಜನರ ಹೊಡೆದಾಟ ಪೊಲೀಸರ ಕಡತಕ್ಕೆ ಬಂದೇ ಇರಲಿಲ್ಲ. ಅವರು ಆಸ್ಪತ್ರೆಯ ಕೌಂಟರಿನಲ್ಲೇ ಎಲ್ಲಿ, ಯಾವಾಗ, ಯಾವುದರಿಂದ ಪೆಟ್ಟು ಬಿತ್ತು ಎಂದು ಬರೆಸತೊಡಗಿದರು. ಹೆಸರು ತೆಗೆದು ಆ ಪಟ್ಟಿಯನ್ನು ಪೊಲೀಸರಿಗೂ ಸ್ಥಳೀಯ ಆಡಳಿತಕ್ಕೂ ಕೊಟ್ಟರು. ಯಾವ ಬೀದಿ, ಯಾವ ಪಬ್ಬು ಮತ್ತೆ ಮತ್ತೆ ಬರುತ್ತದೆ ಎಂಬುದು ಕಣ್ಣಿಗೆ ಕಂಡಿತು. ಕಾರ್ಡಿಫ್‌ನಂಥದೇ ಬೇರೆ ನಗರಗಳಿಗೆ ಹೋಲಿಸಿದರೆ ಹಲ್ಲೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಅಲ್ಲಿ ಶೇಕಡಾ 42ರಷ್ಟು ಕಡಿಮೆಯಾಯಿತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 2008ರಲ್ಲಿ ಪಬ್ಬುಗಳ ಬಾಗಿಲು ಹಾಕುವ ಹೊತ್ತನ್ನು ಬೆಳಗಿನ ಜಾವ ಐದರಿಂದ ಮೂರೂವರೆಗೆ ಇಳಿಸಿದರು, ರಾತ್ರಿಯ ಹಲ್ಲೆಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದವು. ಯಾರೂ ಯಾರ ನೀತಿಯನ್ನೂ ತಿದ್ದಲಿಲ್ಲ, ಜಾಗವನ್ನು ಗುರುತಿಸಿದರು ಅಷ್ಟೆ.

ನಮ್ಮ ದೇಶದಲ್ಲೂ ಒಮ್ಮೆ ಇದು ಆಯಿತು. 2024ರ ಮೇನಲ್ಲಿ ಪುಣೆಯಲ್ಲಿ ಹದಿಹರೆಯದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಪೊಲೀಸರು ಆ ರಾತ್ರಿ ಆತ ಹೋಗಿದ್ದ ಎರಡು ಪಬ್ಬುಗಳನ್ನು ಬಿಲ್ಲು, ಸಿಸಿಟಿವಿ ನೋಡಿ ಗುರುತಿಸಿದರು. ಅಪ್ರಾಪ್ತನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಅವುಗಳ ನಡೆಸುವವರನ್ನು ಬಂಧಿಸಿದರು. ದೇಶವೇ ಕಣ್ಣಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಹರಪನಹಳ್ಳಿಯ ರಸ್ತೆಯಲ್ಲಿ ಸಂತೆ ಮುಗಿಸಿ ಬರುತ್ತಿದ್ದ ಕೂಲಿಯವಳಿಗೆ ಬೈಕು ಗುದ್ದಿದರೆ ಯಾವ ಸಿಸಿಟಿವಿಯನ್ನು ಯಾರು ನೋಡುತ್ತಾರೆ?

ರಸ್ತೆಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಹೆಜ್ಜೆ ಇಟ್ಟಿತ್ತು. ಚಂಡೀಗಢದ ಹರ್ಮನ್ ಸಿಂಗ್ ಸಿಧು, ತಾವೇ ರಸ್ತೆ ಅಪಘಾತದಿಂದ ಗಾಲಿಕುರ್ಚಿ ಹಿಡಿದವರು, ಹೆದ್ದಾರಿಯ ಮದ್ಯದಂಗಡಿಗಳ ವಿರುದ್ಧ ಹೋರಾಡಿದವರು. 2016ರ ಡಿಸೆಂಬರ್ 15ರಂದು ನ್ಯಾಯಾಲಯ ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದಿತು. 2017ರ ಮಾರ್ಚ್‌ನಲ್ಲಿ ಸಣ್ಣ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಜುಲೈನಲ್ಲಿ ಪಟ್ಟಣಗಳ ಪೌರಾಡಳಿತದ ಎಲ್ಲೆಯೊಳಗೆ ಈ ಆದೇಶ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಕೂಡ್ಲಿಗಿ ಪಟ್ಟಣ ಪಂಚಾಯಿತಿಯ ಊರು. ಅಂಥ ಊರುಗಳಿಗೆ ಆದೇಶದ ಕಾವು ತಟ್ಟುವ ಮೊದಲೇ ಆರಿತು. ಮೀಟರು ಪಟ್ಟಿಯಿಂದ ಅಳೆಯುವ ಕಾನೂನಿನ ಮಿತಿ ಇದು. ಎಲ್ಲ ಅಂಗಡಿಗಳನ್ನೂ ಒಂದೇ ಪಟ್ಟಿಯಲ್ಲಿ ಅಳೆದರು. ಯಾವ ಅಂಗಡಿಯಿಂದ ಹೊರಟವರು ಹೆಚ್ಚು ಸತ್ತರು, ಹೆಚ್ಚು ಕೊಂದರು ಎಂಬ ಲೆಕ್ಕ ಇದ್ದಿದ್ದರೆ ಪಟ್ಟಿಯೇ ಬೇಕಿರಲಿಲ್ಲ.

ಕೂಡ್ಲಿಗಿಯ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದದ್ದೂ ಮದ್ಯದಂಗಡಿಯ ಕಾರಣದಿಂದಲೇ. ಅಲ್ಲಿ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈ ಅವರನ್ನು 2016ರ ಜನವರಿಯಲ್ಲಿ ಇಂಡಿಗೆ ವರ್ಗ ಮಾಡಿದರು. ಪ್ರತಿಭಟನೆ ಎದ್ದ ಮೇಲೆ ಮತ್ತೆ ಕೂಡ್ಲಿಗಿಗೆ ಕರೆತಂದರು. ಅದೇ ವರ್ಷದ ಜೂನ್‌ನಲ್ಲಿ ಅಂಬೇಡ್ಕರ್ ಭವನದ ಹತ್ತಿರದ ಮದ್ಯದಂಗಡಿಯ ಕಟ್ಟಡದ ವಿವಾದ ಬಿಸಿಯಾಗಿ, ಅವರು ರಾಜೀನಾಮೆ ಕೊಟ್ಟು ಹೊರಟುಹೋದರು. ಯಾರ ಪಾತ್ರ ಎಷ್ಟು ಎಂಬ ಆರೋಪ, ಪ್ರತ್ಯಾರೋಪಗಳ ತೀರ್ಪು ಇಲ್ಲಿ ಬೇಡ. ಒಂದು ಸಣ್ಣ ಪಟ್ಟಣದಲ್ಲಿ ಮದ್ಯದಂಗಡಿಯ ಗೋಡೆ ಎಲ್ಲಿಯವರೆಗೆ ಬರಬಹುದು ಎಂಬ ಪ್ರಶ್ನೆಯೇ ಪೊಲೀಸ್ ಅಧಿಕಾರಿಯ ನೌಕರಿ ಮುಗಿಯುವಷ್ಟು ಭಾರವಾಯಿತು ಎಂಬುದು ಸಾಕು. ಅಂಗಡಿಯ ಒಳಗಿನ ಲೋಟದ ಲೆಕ್ಕ ಕೇಳುವವರಿಗೆ ಏನು ಕಾದಿರಬಹುದು!

ನಮ್ಮ ಹಳ್ಳಿಗಳಲ್ಲಿ ಲೆಕ್ಕ ಕೇಳುವುದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಕೊನೆಯ ಲೋಟ ಬಾರಿನ ಮೇಜಿನ ಮೇಲೇ ಇರಬೇಕೆಂದಿಲ್ಲ. ಪೇಟೆಯ ವೈನ್‌ಶಾಪಿನಿಂದ 90 ಮಿಲಿಲೀಟರಿನ ಟೆಟ್ರಾ ಪಾಕೀಟುಗಳು ಡಬ್ಬಗಟ್ಟಲೆ ಹೊರಟು ಹಳ್ಳಿಯ ಕಿರಾಣಿ ಅಂಗಡಿ, ಬೀಡಾ ಅಂಗಡಿ, ಡಾಬಾ ಸೇರುತ್ತವೆ. ಬೆಳಿಗ್ಗೆ ಮಕ್ಕಳು ಬಿಸ್ಕತ್ತು ಕೊಳ್ಳುವ ಅಂಗಡಿಯಲ್ಲಿ ಸಂಜೆ ಅಪ್ಪಂದಿರಿಗೆ ಪಾಕೀಟು ಸಿಗುತ್ತದೆ. ಪೊಲೀಸರು ದಾಳಿ ಮಾಡಿದರೆ ಸಿಕ್ಕಿಬೀಳುವುದು ಕಿರಾಣಿಯ ವಿಧವೆಯೋ ಡಾಬಾದ ಹುಡುಗನೋ. ಆದರೆ ಆ ಪಾಕೀಟಿನ ಮೇಲೆ ಬ್ಯಾಚಿನ ಸಂಖ್ಯೆ ಇದೆ. ಯಾವ ಅಂಗಡಿಗೆ ಯಾವ ಸರಕು ಹೋಯಿತು ಎಂಬ ಲೆಕ್ಕ ಡಿಪೋದಲ್ಲಿ ಇದೆ. ಸುಂಕಕ್ಕಾಗಿ ಹಾಕಿದ ಗುರುತನ್ನು ಸಾವಿಗಾಗಿ ಒಮ್ಮೆ ಓದಿದರೆ ಸಾಕು.

ಇದನ್ನು ಹೆಂಗಸರು ನಮಗಿಂತ ಮೊದಲೇ ಅರ್ಥಮಾಡಿಕೊಂಡಿದ್ದಾರೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾಕ್ಷರತಾ ತರಗತಿಯಿಂದ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು, ಗಂಡಂದಿರ ಮೇಲೆ ಎರಗಲಿಲ್ಲ. 2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಬೆಂಗಳೂರಿಗೆ ಕಾಲ್ನಡಿಗೆ ಹೊರಟರು. ಇನ್ನೂರು ಕಿಲೋಮೀಟರು ನಡೆದು ಹುತಾತ್ಮರ ದಿನವಾದ 30ರಂದು ರಾಜಧಾನಿ ತಲುಪಿದರು. ದಾರಿಯಲ್ಲಿ ಅವರಲ್ಲೊಬ್ಬ ಹೆಂಗಸು ರಸ್ತೆ ಅಪಘಾತದಲ್ಲಿ ಪ್ರಾಣ ಬಿಟ್ಟಳು. ಅವರ ಕೂಗಿನಲ್ಲಿ 'ನಮ್ಮ ಹಳ್ಳಿಯ ಅಕ್ರಮ ಮಾರಾಟ ನಿಲ್ಲಿಸಿ' ಎಂಬುದು ಮುಖ್ಯವಾಗಿತ್ತು. ಯಾವ ಮನೆಯಲ್ಲಿ, ಯಾವ ಅಂಗಡಿಯಲ್ಲಿ ಪಾಕೀಟು ಸಿಗುತ್ತದೆ ಎಂಬುದು ಆ ಹೆಂಗಸರಿಗೆ ಬಾಯಿಪಾಠ. ಸರಕಾರದ ಬಳಿ ಇಲ್ಲದ ದಾಖಲೆ ಅವರ ನೆನಪಿನಲ್ಲಿದೆ.

ಇದಕ್ಕೆ ಎದುರು ವಾದಗಳಿಲ್ಲವೆ? ಇವೆ, ಅವು ಹಗುರವೂ ಅಲ್ಲ. ಕುಡಿದವನ ತಪ್ಪನ್ನು ಅಂಗಡಿಯವನ ತಲೆಗೆ ಕಟ್ಟಿದರೆ ಕುಡಿದವನು ಪಾರಾಗುವುದಿಲ್ಲವೆ? ಕುಡಿದವನು ಮೂರು ಕಡೆ ಕುಡಿದಿರಬಹುದು, ಸುಳ್ಳು ಹೇಳಬಹುದು, ಆಗದವನ ಅಂಗಡಿಯ ಹೆಸರು ಹೇಳಿ ಸೇಡು ತೀರಿಸಿಕೊಳ್ಳಬಹುದು. ಅಧಿಕಾರಿಗಳ ಕೈಗೆ ವಸೂಲಿಗೆ ಇನ್ನೊಂದು ನೆಪ ಸಿಗಬಹುದು. ಇವೆಲ್ಲ ನಿಜ. ಆದ್ದರಿಂದಲೇ ಒಬ್ಬನ ಮಾತು ನಂಬಿ ಒಂದು ಅಂಗಡಿಗೆ ಬೀಗ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ಒಂದು ಹೇಳಿಕೆ ಪುರಾವೆಯಲ್ಲ, ಆದರೆ ವರ್ಷವಿಡೀ ಬರೆದಿಟ್ಟ ಹೇಳಿಕೆಗಳಲ್ಲಿ ಒಂದೇ ಹೆಸರು ಹದಿನೈದು ಸಲ ಬಂದರೆ ಅದು ಗಮನಿಸಬೇಕಾದ ಸಂಗತಿ. ಕುಡಿದವನ ಹೊಣೆ ಇದರಿಂದ ಒಂದು ಗುಲಗಂಜಿಯೂ ಇಳಿಯುವುದಿಲ್ಲ. ಕೊಲೆಗೆ ಕತ್ತಿ ಎಲ್ಲಿಂದ ಬಂತು ಎಂದು ಪೊಲೀಸರು ಕೇಳಿದ್ದರಿಂದ ಯಾವ ಕೊಲೆಗಾರನೂ ಬಿಡುಗಡೆಯಾಗಿಲ್ಲ.

ಕೆಲಸವೂ ದೊಡ್ಡದಲ್ಲ. ಠಾಣೆಯ ಪ್ರಕರಣ ದಾಖಲೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಗಾಯಾಳುಗಳ ಪುಸ್ತಕದಲ್ಲಿ ಮೂರು ಸಾಲು: ಎಲ್ಲಿ ಕುಡಿದದ್ದು, ಎಷ್ಟು ಹೊತ್ತಿಗೆ, ಸಿಕ್ಕಿದ್ದರೆ ಬಾಟಲಿ ಅಥವಾ ಪಾಕೀಟಿನ ಸಂಖ್ಯೆ. ಗಾಯಾಳುವಿನ ಹೆಸರು ಬೇಡ. ತಿಂಗಳಿಗೊಮ್ಮೆ ಆ ಪಟ್ಟಿ ಅಬಕಾರಿ ಕಚೇರಿಗೆ, ಗ್ರಾಮ ಪಂಚಾಯಿತಿಗೆ ಹೋಗಲಿ. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಪರವಾನಗಿಗಳು ಆಗಲೇ ನವೀಕರಣಗೊಳ್ಳುತ್ತವೆ. ಶುಲ್ಕ ಕಟ್ಟಿದ ರಸೀದಿಯ ಜೊತೆಗೆ ಈ ಪಟ್ಟಿಯೂ ಅಧಿಕಾರಿಯ ಮೇಜಿನ ಮೇಲಿರಲಿ. ಕಟ್ಟಿದ್ದು ಎಷ್ಟು ಎಂಬುದರ ಪಕ್ಕದಲ್ಲಿ ಕಳೆದದ್ದು ಎಷ್ಟು ಎಂಬುದೂ ಕಾಣಲಿ.

ಸಂವಿಧಾನದ 47ನೇ ವಿಧಿ ಮದ್ಯ ನಿಷೇಧವನ್ನು ರಾಜ್ಯದ ಗುರಿ ಎನ್ನುತ್ತದೆ. ಆ ಗುರಿಯ ಬಗ್ಗೆ ನಾಡು ಇನ್ನೂ ನೂರು ವರ್ಷ ವಾದ ಮಾಡಬಹುದು. ಪಾನನಿರೋಧ ಬಂದದ್ದನ್ನೂ ಹೋದದ್ದನ್ನೂ ಈ ಐದು ತಾಲ್ಲೂಕುಗಳು ಕಂಡಿವೆ, ಎರಡರಲ್ಲೂ ಪೆಟ್ಟು ತಿಂದವರು ಬಡವರೇ. ಅಂಗಡಿ ಇರಬೇಕೋ ಬೇಡವೋ ಎಂಬ ವಾದ ಮುಗಿಯುವವರೆಗೆ ಇರುವ ಅಂಗಡಿಯ ಲೆಕ್ಕವನ್ನಾದರೂ ಇಡಬಹುದಲ್ಲ. ಈಚಲು ಮರಕ್ಕೆ ಗುರುತು ಹಾಕಿ ಲೆಕ್ಕ ಇಟ್ಟ ಆಡಳಿತದ ವಾರಸುದಾರರಿಗೆ ಇದು ಕಷ್ಟದ ಕೆಲಸವಲ್ಲ. ನಾಳೆ 'ಕುಡಿದ ಅಮಲಿನಲ್ಲಿ' ಎಂಬ ಸುದ್ದಿ ಬಂದಾಗ ಸುದ್ದಿಗಾರರು ಠಾಣೆಗೆ ಫೋನು ಮಾಡಿ 'ಎಲ್ಲಿ ಕುಡಿದಿದ್ದ ಸಾರ್?' ಎಂದು ಒಮ್ಮೆ ಕೇಳಲಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂದೇ ಬರೆಯಲಿ. ಅಲ್ಲಿಂದ ಶುರುವಾದರೂ ಸಾಕು.